ತುಕ್ಕು ಹಿಡಿದ ಅರ್ತ್ ವೈರು

ಮಾರ್ಚ್ ೧೧, ಮಂಗಳವಾರ

ಓವರ್‌ಲೋಡ್ ಮಾಡಿ ಪಂಪ್ ಕೆಡಿಸಿದ್ದಾರೆ ಅಂತ ಹೋದ ವಾರ ಹೇಳಿದವನು ಮೆಕ್ಯಾನಿಕ್ ಆದ ನಾನೇ. ಜಲ್ಲಿ ಟ್ರೇಲರ್‌ನ ತೊಟ್ಟಿಯನ್ನು ಜಲ್ಲಿ ಸುರಿಯಲು ಪಂಪಿನಿಂದ ಎತ್ತಿದರೆ ಅರ್ಧಕ್ಕೆ ಎದ್ದು ನಿಂತುಬಿಡುತ್ತಿತ್ತು. ಸರಿಯಾಗಿ ನೋಡದೆ ಮಾಲೀಕರ ಎದುರು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಹದಿನೇಳು ವರ್ಷ ಅದನ್ನು ಓಡಿಸಿದ ಡ್ರೈವರಣ್ಣ, "ನಾನು ಯಾವತ್ತೂ ಹೆಚ್ಚು ತುಂಬಿಲ್ಲಪ್ಪ" ಅಂದರು, ಅಷ್ಟೇ. ಮರುದಿನ ಅವರ ಕೆಲಸ ಹೋಯಿತು.

ಇವತ್ತು ಹೊಸ ಪಂಪ್ ಹಾಕಿದೆ. ಖಾಲಿ ತೊಟ್ಟಿಯೂ ಅರ್ಧಕ್ಕೇ ನಿಂತಿತು. ಖಾಲಿ ತೊಟ್ಟಿಗೆ ಎಲ್ಲಿಯ ಓವರ್‌ಲೋಡ್? ಎಣ್ಣೆ ಸರಿಯಿತ್ತು, ಬ್ಯಾಟರಿಯೂ ಸರಿಯಿತ್ತು. ಪಂಪಿನ ಕರೆಂಟು ಬ್ಯಾಟರಿಗೆ ವಾಪಸು ಹೋಗಲೆಂದು ಗಾಡಿಯ ಚಾಸಿಗೆ, ಅಂದರೆ ಕಬ್ಬಿಣದ ಚೌಕಟ್ಟಿಗೆ, ಬಿಗಿದ ಅರ್ತ್ ವೈರನ್ನು ಎಳೆದರೆ ಕೈಗೇ ಕಿತ್ತು ಬಂತು; ಬುಡವೆಲ್ಲ ತುಕ್ಕು. ಉಜ್ಜಿ, ಹೊಸ ವೈರು ಬಿಗಿದು, ಹಳೇ ಪಂಪನ್ನೇ ಮತ್ತೆ ಕೂರಿಸಿದೆ. ತೊಟ್ಟಿ ಸರಾಗವಾಗಿ ತುದಿಯವರೆಗೆ ಎದ್ದಿತು.

"ತಪ್ಪು ನನ್ನದು, ಅವರದಲ್ಲ" ಅಂತ ಮಾಲೀಕರಿಗೆ ಹೇಳಿದೆ. ಅವರು, "ಹಾಗಾದ್ರೆ ನೀನೇ ಹೋಗಿ ಕರ್ಕೊಂಡ್ ಬಾ" ಅಂದರು.

ಸಂಜೆ ಡ್ರೈವರಣ್ಣನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಈಗ ಪೂರ್ತಿ ಏಳುತ್ತಾ?"

"ಏಳುತ್ತೆ ಅಣ್ಣ. ನಾಳೆಯಿಂದ ಬನ್ನಿ."

"ನಾಳೆ ವಿಷಯ ಆಮೇಲೆ. ಮೊದಲು ಒಳಗೆ ಬಂದು ಇದನ್ನ ನನ್ನ ಹೆಂಡತಿಗೂ ಹೇಳು. ನಾನು ಹೇಳಿದ್ರೆ ಅವಳೂ ನಂಬಲಿಲ್ಲ."

ಹೋಗಿ ಹೇಳಿದೆ. ಆಕೆ ಗಂಡನ ಕಡೆ ನೋಡಲಾರದೆ ನೆಲ ನೋಡುತ್ತಾ ನಿಂತರು. ಇಡೀ ವಾರ ಆ ಇಬ್ಬರೂ ಎದುರುಬದುರು ಕೂತು ಹೇಗೆ ಊಟ ಮಾಡಿದರೋ, ನನ್ನ ಒಂದು ಮಾತಿಗೆ...