ಒಂದೂವರೆ ಮೊಳ ಸಾಗಿದ ಸ್ಲಾತ್

ಪನಾಮಾ, ಮಂಗಳವಾರ

ಅತ್ತಿಗೆ,

ಕಾರ್ಡಿನಲ್ಲಿ ಜಾಗ ಕಡಿಮೆ, ನಮಸ್ಕಾರವನ್ನು ಸ್ಟ್ಯಾಂಪಿನ ಅಡಿಯಲ್ಲಿ ಅಂಟಿಸಿದ್ದೇನೆ.

ನಮ್ಮ ಶೂಟಿಂಗ್ ಈಗ ಒಂದು ಪುಟ್ಟ ದ್ವೀಪದಲ್ಲಿ. ಅಳಿವಿನಂಚಿನಲ್ಲಿರುವ ಎರಡು ಜೀವಿಗಳನ್ನು ನೋಡಿದೆ. ಸ್ಲಾತ್ ಎಂಬ ಪ್ರಾಣಿ ದಿನವಿಡೀ ಕೊಂಬೆಗೆ ತೂಗುಬಿದ್ದಿರುತ್ತದೆ, ಮೈತುಂಬ ಪಾಚಿ. ಬೆರಳುದ್ದದ ಹಮ್ಮಿಂಗ್ ಬರ್ಡ್ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ, ರೆಕ್ಕೆ ಕಣ್ಣಿಗೇ ಕಾಣುವುದಿಲ್ಲ.

ಬೆಳಿಗ್ಗೆಯಿಂದ ಸ್ಲಾತ್ ಎಷ್ಟು ದೂರ ಸಾಗಿತೆಂದು ಕ್ಯಾಮೆರಾದ ಹರ್ಷಿತಾ ಕೇಳಿದಳು. ನಾನು ಹೂವಿಗೆ ಮೊಳ ಹಾಕುವಂತೆ ಗಾಳಿಯಲ್ಲೇ ಕೈಯಾಡಿಸಿ, "ಒಂದೂವರೆ ಮೊಳ" ಎಂದೆ.

"ಗಾಂಧಿ ಬಜಾರ್ ಬಿಟ್ಟು ಇಷ್ಟು ದೂರ ಬಂದ್ರೂ ಹೂವಿನಂಗಡಿ ಬಿಟ್ಟಿಲ್ವಲ್ಲ ಗುರು!"

"ಕೊಸರು ಸೇರಿಸೇ ಹೇಳಿದೀನಿ" ಎಂದೆ.

ಗೈಡ್ ಹೇಳುವಂತೆ, ಸ್ಲಾತ್ ತಿಂದ ಎಲೆ ಅರಗಲು ವಾರಗಳೇ ಬೇಕು, ಅವಸರ ಅದಕ್ಕೆ ಆಗಿಬರುವುದಿಲ್ಲ. ಹಕ್ಕಿಯದು ಉಲ್ಟಾ, ಗಳಿಗೆಗೊಮ್ಮೆ ಹೊಟ್ಟೆಗೆ ಬೀಳದಿದ್ದರೆ ಹಾರುವ ಶಕ್ತಿಯೇ ಇಲ್ಲ. ಇಬ್ಬರಿಗೂ ಇರುವುದು ಇದೊಂದೇ ಕಾಡು, ಅದೂ ವರ್ಷ ವರ್ಷ ತೆಳ್ಳಗಾಗುತ್ತಿದೆಯಂತೆ.

ನನ್ನ ಕೆಮ್ಮು ವಾಸಿಯಾಗಿದೆ. ದೋಣಿ ಹೊರಡುತ್ತಿದೆ, ಕಾರ್ಡ್ ಅದರಲ್ಲೇ ಹೋಗಬೇಕು. ಆಪರೇಷನ್ ಆದ ಮೇಲೆ ಅಣ್ಣನ ಊಟ ನಿಧಾನ, ಮುಗಿಯುವ ಮೊದಲೇ ತಟ್ಟೆ ಎತ್ತಬೇಡಿ. ನೀವೂ "ಆಮೇಲೆ ತಿಂತೀನಿ" ಅಂತ ಓಡಬೇಡಿ. ತಿಂಡಿ ಮುಗಿಸಿಯೇ ಅಂಗಡಿ ತೆಗೆಯಿರಿ. ಹೂವು ಕಾಯುತ್ತದೆ.

ಚಿದಂಬರ