ವಯೋಗುಂಪು ಎಂದರೆ ಯಾರ ವಯಸ್ಸು, ಮಾನ್ಯರೇ?

ಶಿಕ್ಷಕ ಪದವಿಯ ಪ್ರವೇಶ ವಿಭಾಗದ ಮುಖ್ಯಸ್ಥರೇ,

ನಿಮ್ಮ ಅರ್ಜಿ ನಮೂನೆಯ ಒಂಬತ್ತನೆಯ ಸಾಲಿನಲ್ಲಿ ನಾನು ತಪ್ಪು ಚೌಕಕ್ಕೆ ಗುರುತು ಹಾಕಿದೆ. ಅದಕ್ಕಾಗಿ ನೀವು ನನ್ನನ್ನು ಸುಮಾರು ಎರಡು ವರ್ಷದಿಂದ ಆ ಚೌಕದೊಳಗೇ ಕೂರಿಸಿದ್ದೀರಿ. ಈಗ ಅದೇ ಗುರುತಿನ ಕಾರಣಕ್ಕೆ, ಹದಿನಾಲ್ಕು ವರ್ಷ ದುಡಿದ ಶಿಶುವಿಹಾರದ ಕೋಣೆಯಿಂದ ಮುಂದಿನ ತಿಂಗಳ ಕೊನೆಯ ದಿನ ನಾನು ಹೊರಬೀಳಬೇಕಾಗಿದೆ. ಈ ಪತ್ರದ ತಲೆಯಲ್ಲಿ ‘ವಿಷಯ’ ಎಂಬ ಸಾಲು ಇಲ್ಲವೆಂದು ನಿಮ್ಮ ಗುಮಾಸ್ತರು ತಕರಾರು ತೆಗೆಯಬಹುದು. ಹಿಂದೊಮ್ಮೆ ನಿಮಗೆ ವಿಷಯ ಬರೆದು ಏನಾಯಿತೆಂದು ಮುಂದೆ ಹೇಳುತ್ತೇನೆ. ಬಿಸಿ ಹಾಲು ಕುಡಿದ ಬೆಕ್ಕು ನಾನು, ಬಟ್ಟಲು ಕಂಡರೇ ಹೆದರಿಕೆ.

ಮೊದಲು ನಾನು ಯಾರೆಂದು ತಿಳಿಯಿರಿ. ನಾನು ಮೂರರಿಂದ ಆರು ವರ್ಷದ ಮಕ್ಕಳ ಶಿಶುವಿಹಾರದಲ್ಲಿ ಆಯಾ. ಮಕ್ಕಳು ಆಯಮ್ಮ ಎನ್ನುತ್ತವೆ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಬಿದ್ದವರನ್ನು ಎತ್ತುವುದು ನನ್ನ ಕೆಲಸವೆಂದು ನೇಮಕದ ಕಾಗದ ಹೇಳುತ್ತದೆ. ಆದರೆ ದೊಡ್ಡ ಟೀಚರ್ ಒಬ್ಬರು, ಮಕ್ಕಳು ಮೂವತ್ತೆಂಟು. ಹಾಗಾಗಿ ಅಕ್ಷರ ತಿದ್ದಿಸುವುದು, ಕಥೆ ಹೇಳುವುದು, ಎಡಗೈ ಬಲಗೈ ಗುರುತಿಸುವುದನ್ನು ಕಲಿಸುವುದು ಎಲ್ಲವೂ ಯಾವಾಗಲೋ ನನ್ನ ಪಾಲಿಗೆ ಬಂದುಬಿಟ್ಟಿತು. ಎರಡು ವರ್ಷದ ಹಿಂದೆ ಹೊಸ ನಿಯಮ ಬಂತು: ಆರು ವರ್ಷದೊಳಗಿನ ಮಕ್ಕಳ ಕೋಣೆಯಲ್ಲಿ ಇರುವವರು ಆ ವಯಸ್ಸಿನವರಿಗೆ ಕಲಿಸುವ ಪದವಿ ಪಡೆದಿರಬೇಕು, ಇಲ್ಲವೇ ಓದುತ್ತಿರಬೇಕು. ಎರಡು ವರ್ಷದೊಳಗೆ ಪದವಿಯದೋ ಓದುತ್ತಿರುವುದರದೋ ಪ್ರಮಾಣಪತ್ರ ತೋರಿಸಬೇಕು. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ, ಅದನ್ನು ಓದಿದ ದಿನ ನನಗೆ ಸಂತೋಷವೇ ಆಯಿತು. ಕೆಲಸದಲ್ಲಿ ಇರುವವರಿಗೆಂದು ವಿಶ್ವವಿದ್ಯಾಲಯ ಕೆಲವು ಸೀಟು ತೆಗೆದಿಟ್ಟಿತ್ತು. ಮೂವತ್ತೇಳನೇ ವಯಸ್ಸಿನಲ್ಲಿ ಕಾಲೇಜಿಗೆ ಹೋಗುವ ಯೋಗ ಎಷ್ಟು ಜನರಿಗೆ ಸಿಗುತ್ತದೆ?

ಅರ್ಜಿ ತುಂಬಿದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ. ನಮ್ಮನೆಯವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ನನಗಿಂತ ಅವರ ಅಕ್ಷರ ದುಂಡಗೆ, ಆದ್ದರಿಂದ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಏಳನೆಯ ಸಾಲು: ವಿಳಾಸ. ಎಂಟನೆಯ ಸಾಲು: ಹುಟ್ಟಿದ ದಿನಾಂಕ. ಒಂಬತ್ತನೆಯ ಸಾಲು: ವಯೋಗುಂಪು. ಅದರ ಮುಂದೆ ಐದು ಚೌಕ. ಮೂರರಿಂದ ಆರು, ಆರರಿಂದ ಹತ್ತು, ಹತ್ತರಿಂದ ಹದಿನಾಲ್ಕು, ಹದಿನಾಲ್ಕರಿಂದ ಹದಿನೆಂಟು, ಕೊನೆಗೆ ‘ವಯಸ್ಕರು’.

“ಹುಟ್ಟಿದ ತಾರೀಕು ಬರೆದಿದೀನಲ್ಲ, ಮತ್ತೆ ವಯಸ್ಸು ಯಾಕಂತೆ?” ಎಂದೆ ನಾನು.

“ಹೆಂಗಸರನ್ನ ಒಂದು ಸಲ ಕೇಳಿದ್ರೆ ನಂಬೋಕಾಗಲ್ಲ ಅಂತ ಅವರಿಗೂ ಗೊತ್ತಾಗಿದೆ” ಎಂದು ಅವರು ನಕ್ಕರು. “ಇಲ್ಲಾದ್ರೂ ನಿಜ ಒಪ್ಕೋ ಮಾರಾಯ್ತಿ. ನೀನೇನು ಹದಿನೆಂಟರ ಹುಡುಗೀನಾ?”

ನಾನೂ ನಕ್ಕು, ‘ವಯಸ್ಕರು’ ಎಂಬ ಚೌಕಕ್ಕೆ ಗುರುತು ಹಾಕಿದೆ. ಕಪ್ಪು ಶಾಯಿ, ಒತ್ತಿ ಹಾಕಿದ್ದು. ಕೆಳಗೆ ನೀವೇ ಸೂಚನೆ ಕೊಟ್ಟಿದ್ದಿರಿ: ತಿದ್ದಿದ ಅರ್ಜಿ ತಿರಸ್ಕೃತ.

ಹತ್ತನೆಯ ಸಾಲಿನಲ್ಲಿ ‘ವಿಷಯ’ ಎಂದಿತ್ತು. ಅಲ್ಲಿಯವರೆಗೆ ನಾನು ಬರೆದ ಅರ್ಜಿಗಳೆಲ್ಲ ರಜೆಯ ಅರ್ಜಿಗಳು. ‘ವಿಷಯ: ಜ್ವರದ ನಿಮಿತ್ತ ಎರಡು ದಿನ ರಜೆ ಕೋರಿ’. ಅರ್ಜಿಯಲ್ಲಿ ವಿಷಯ ಎಂದರೆ ಅದೇ ಅಲ್ಲವೇ? ಆದ್ದರಿಂದ ಬರೆದೆ: ‘ಶಿಕ್ಷಕಿಯಾಗಲು ಪ್ರವೇಶ ಕೋರಿ’. ನಮ್ಮನೆಯವರು ಓದಿ, “ಚೆನ್ನಾಗಿದೆ, ಚುಟುಕಾಗಿದೆ” ಎಂದರು. ನಗುತ್ತಿದ್ದೀರಾ ಮಾನ್ಯರೇ? ನಗಿ. ನಿಮ್ಮ ನಾಲ್ಕನೇ ಕಿಟಕಿಯ ಗುಮಾಸ್ತರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಪಕ್ಕದ ಕಿಟಕಿಯವರನ್ನೂ ಕರೆದು ತೋರಿಸಿದರು. ಆದರೆ ನಗು ಮುಗಿದ ಮೇಲೆ ಒಬ್ಬರಾದರೂ ಪೆನ್ನು ಎತ್ತಬೇಕಿತ್ತು, ಎತ್ತಲಿಲ್ಲ.

‘ಪ್ರವೇಶ ದೊರೆತಿದೆ’ ಎಂದು ಬಂದ ಕಾಗದದಲ್ಲಿ ನನ್ನ ಹೆಸರು, ಒಂದು ಸಂಕೇತ ಸಂಖ್ಯೆ, ಕೋಣೆಯ ಸಂಖ್ಯೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ದಿನ ಆ ಕೋಣೆಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತೆ. ಗೊಂಬೆ, ಬಣ್ಣದ ಕಾಗದ, ಹಾಡಿನ ಪುಸ್ತಕ ಏನಾದರೂ ಇರಬಹುದೆಂದು ಕಣ್ಣಾಡಿಸಿದೆ. ಅಧ್ಯಾಪಕರು ಬಂದವರೇ ಹಲಗೆಯ ಮೇಲೆ ಎರಡು ಗೆರೆ ಅಡ್ಡಡ್ಡ ಎಳೆದು, ಒಂದು ಬೇಡಿಕೆ, ಇನ್ನೊಂದು ಪೂರೈಕೆ ಎಂದರು. ವಯಸ್ಕರಿಗೆ ಅರ್ಥಶಾಸ್ತ್ರ ಕಲಿಸುವವರ ತರಗತಿ ಅದು. ಅರ್ಥಶಾಸ್ತ್ರ ಎಲ್ಲಿಂದ ಬಂತೆಂದು ಕೇಳಿದಾಗ ನಾಲ್ಕನೇ ಕಿಟಕಿಯಲ್ಲಿ ಉತ್ತರ ಸಿಕ್ಕಿತು.

“ಅಮ್ಮಾ, ಚಿಕ್ಕ ಮಕ್ಕಳ ಗುಂಪಿಗೆ ವಿಷಯ ಬೇಕಾಗಿಲ್ಲ. ದೊಡ್ಡವರ ಗುಂಪಿಗೆ ಬೇಕು. ನೀವು ಬರೆದ ವಿಷಯ ನಮ್ಮ ಪಟ್ಟೀಲಿ ಇಲ್ಲ. ಪಟ್ಟೀಲಿ ಇಲ್ಲದ್ದು ಬರೆದ್ರೆ ಪಟ್ಟಿಯ ಮೊದಲನೇದು ಕೊಡ್ತೀವಿ. ಅ, ಅರ್ಥಶಾಸ್ತ್ರ.”

ಅ ಎಂದರೆ ಅಳಿಲು, ಅ ಎಂದರೆ ಅಮ್ಮ ಎಂದು ವರ್ಷಗಟ್ಟಲೆ ಹೇಳಿಕೊಟ್ಟವಳಿಗೆ ಅ ಎಂದರೆ ಅರ್ಥಶಾಸ್ತ್ರ ಎಂದು ನೀವು ಹೇಳಿಕೊಟ್ಟಿರಿ. ವಯೋಗುಂಪು ಎಂದರೆ ಕಲಿಸುವವರದಲ್ಲ, ಕಲಿಯುವವರದು ಎಂದು ನನಗೆ ತಿಳಿದದ್ದೂ ಆ ಕಿಟಕಿಯಲ್ಲೇ. “ಹುಟ್ಟಿದ ದಿನಾಂಕ ಬರೆಸಿಕೊಂಡ ಮೇಲೆ ನಿಮ್ಮ ವಯಸ್ಸು ಮತ್ತೆ ಯಾಕಮ್ಮ ಕೇಳ್ತೀವಿ?” ಎಂದು ಗುಮಾಸ್ತರು ಬುದ್ಧಿ ಹೇಳಿದರು. ಸ್ವಾಮಿ, ಅದೇ ನಮೂನೆಯಲ್ಲಿ ನೀವು ನನ್ನ ಹೆಸರನ್ನು ನಾಲ್ಕು ಕಡೆ ಕೇಳಿದ್ದೀರಿ. ನಾಲ್ಕು ಸಲ ಹೆಸರು ಕೇಳುವವರು ಎರಡು ಸಲ ವಯಸ್ಸು ಕೇಳುವುದಿಲ್ಲವೆಂದು ನಾನು ಹೇಗೆ ಊಹಿಸಬೇಕಿತ್ತು?

ಸರಿ, ತಪ್ಪು ನನ್ನದೇ ಎನ್ನೋಣ. ತಿದ್ದಿಕೊಳ್ಳಲು ದಾರಿ ಇದೆಯೇ? ಇದೆ, ನಿಮ್ಮಲ್ಲಿ ಎಲ್ಲದಕ್ಕೂ ದಾರಿ ಇದೆ. ಮೂವತ್ತು ದಿನದೊಳಗೆ ವಯೋಗುಂಪು ಬದಲಿಸಬಹುದು. ಆ ಮೂವತ್ತು ದಿನವನ್ನು ಎಣಿಸುವುದು ಅರ್ಜಿ ಕೊಟ್ಟ ದಿನದಿಂದ. ಪ್ರವೇಶದ ಕಾಗದ ನನ್ನ ಕೈ ಸೇರಿದ್ದು ನಲವತ್ತೊಂದನೆಯ ದಿನ. ಅವಧಿ ಮೀರಿದವರು ವಿಶೇಷ ಮನವಿ ಸಲ್ಲಿಸಬಹುದು, ಆದರೆ ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ. ಫೇಲಾದವರ ಮನವಿಯನ್ನು ಪರಿಗಣಿಸುವುದಿಲ್ಲ, ಅವರಿಗೆ ಓದಿನಲ್ಲಿ ಶ್ರದ್ಧೆಯಿಲ್ಲ. ಪಾಸಾದವರ ಮನವಿಯನ್ನೂ ಪರಿಗಣಿಸುವುದಿಲ್ಲ, ಅವರಿಗೆ ತೊಂದರೆಯಿಲ್ಲ. ಬಿಟ್ಟು ಮತ್ತೆ ಅರ್ಜಿ ಹಾಕೋಣವೆಂದರೆ, ಕೆಲಸದಲ್ಲಿ ಇರುವವರ ಸೀಟು ಜನ್ಮದಲ್ಲಿ ಒಂದೇ ಸಲ. ಅತ್ತ ದರಿ, ಇತ್ತ ಪುಲಿ ಎಂಬ ಮಾತನ್ನು ಕೇಳಿದ್ದೆ. ದರಿಗೂ ಪುಲಿಗೂ ಬೇರೆಬೇರೆ ಕಿಟಕಿ ಇಟ್ಟು, ಎರಡರ ಮುಂದೆಯೂ ಸಾಲು ನಿಲ್ಲಿಸಬಹುದೆಂದು ನಿಮ್ಮ ಕಚೇರಿ ನೋಡಿದ ಮೇಲೆ ಗೊತ್ತಾಯಿತು.

ಫೇಲಾದರೆ ಯಾರಾದರೂ ಅಯ್ಯೋ ಪಾಪ ಎಂದಾರೆಂದು ಒಮ್ಮೆ ಯೋಚಿಸಿದ್ದೂ ಉಂಟು. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹಾಳೆ ಖಾಲಿ ಬಿಟ್ಟೆ. ಅರ್ಧ ಗಂಟೆ ಆ ಖಾಲಿ ಹಾಳೆ ನನ್ನ ಮುಖವನ್ನೇ ನೋಡಿತು. ಗೊತ್ತಿದ್ದನ್ನು ಬರೆಯಬೇಕು ಎಂದು ಮಕ್ಕಳಿಗೆ ದಿನವೂ ಹೇಳುವವಳು ನಾನು. ನಾಚಿಕೆಯಾಯಿತು. ಕೂತು ಬರೆದೆ, ಒಳ್ಳೆಯ ಅಂಕವೂ ಬಂತು. ನನ್ನ ಗೋರಿಗೆ ನಾನೇ ಕಲ್ಲು ಹೊತ್ತ ಹಾಗಾಯಿತು.

ಎರಡನೆಯ ವರ್ಷ ಪಾಠ ಮಾಡುವ ಅಭ್ಯಾಸಕ್ಕೆ ನನ್ನನ್ನು ವಯಸ್ಕರ ಸಂಜೆ ಶಾಲೆಗೆ ಹಾಕಿದಿರಿ. ಹದಿನಾರು ಜನ. ಕಾವಲುಗಾರರು, ಅಡುಗೆ ಕೆಲಸದವರು, ಒಬ್ಬ ಮುದಿ ಬಡಗಿ. ದಿನವಿಡೀ ದುಡಿದು ಬಂದವರು, ಗದ್ದಲ ಮಾಡುತ್ತಿದ್ದರು. ನನ್ನ ಪಾಠ ತೂಗಿ ನೋಡಲು ಬಂದ ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗಾಬರಿಯಲ್ಲಿ ನನ್ನ ಬಾಯಿಂದ ಅಭ್ಯಾಸದ ಮಾತು ಹೊರಬಿದ್ದುಬಿಟ್ಟಿತು: “ಎಲ್ಲಾರೂ ಬಾಯಿ ಮೇಲೆ ಬೆರಳು ಇಡಿ ನೋಡೋಣ, ಯಾರು ಜಾಣರು?”

ಬಡಗಿ ತಮ್ಮ ದಪ್ಪ ಬೆರಳನ್ನು ಮೀಸೆಯ ಕೆಳಗೆ ಇಟ್ಟುಕೊಂಡರು. ಅವರನ್ನು ನೋಡಿ ಎಲ್ಲರೂ ಇಟ್ಟರು. ಅಭ್ಯಾಸ ಬಲದಿಂದ ಪರಿವೀಕ್ಷಕರ ಬೆರಳೂ ಮೇಲೆದ್ದಿತ್ತು, ಅರ್ಧದಲ್ಲಿ ಇಳಿಸಿಕೊಂಡು ಕನ್ನಡಕ ಸರಿಮಾಡಿಕೊಂಡರು. ಪಾಠ ಮುಗಿದ ಮೇಲೆ ಬಡಗಿ ನನ್ನ ಹತ್ತಿರ ಬಂದು, “ಟೀಚರಮ್ಮ, ನನ್ನನ್ನ ಜಾಣನಾ ಅಂತ ಕೇಳಿದೋರು ಇಷ್ಟು ವರ್ಷದಲ್ಲಿ ಯಾರೂ ಇಲ್ಲ. ನೀವು ಇಲ್ಲೇ ಇದ್ದುಬಿಡಿ” ಎಂದರು. ಕಣ್ಣು ತುಂಬಿ ಬಂತು. ಆ ಹದಿನಾರು ಜನರ ಮೇಲೆ ನನಗೆ ಯಾವ ದೂರೂ ಇಲ್ಲ, ಅವರಿಗೆ ಅರ್ಥಶಾಸ್ತ್ರ ತಿಳಿದ ಒಬ್ಬ ಒಳ್ಳೆಯ ಗುರು ಸಿಗಲಿ. ಪರಿವೀಕ್ಷಕರು ಮಾತ್ರ ‘ವಯಸ್ಕರೊಂದಿಗೆ ಸಹಜ ಬಾಂಧವ್ಯ’ ಎಂದು ಬರೆದು ಹೋದರು.

ಆ ಒಂದು ಸಾಲೇ ನನಗೆ ಮುಳುವಾಯಿತು. ಪರಿಗಣಿಸುವುದಿಲ್ಲವೆಂದು ಗೊತ್ತಿದ್ದೂ ಸಲ್ಲಿಸಿದ್ದ ನನ್ನ ವಿಶೇಷ ಮನವಿಗೆ ಕಳೆದ ವಾರ ನಿಮ್ಮ ಸಹಿಯಿರುವ ಉತ್ತರ ಬಂದಿದೆ. ‘ಅರ್ಜಿದಾರರು ತಾವೇ ಆಯ್ಕೆ ಮಾಡಿಕೊಂಡ ವಯೋಗುಂಪಿನಲ್ಲಿ ಉತ್ತಮ ಪ್ರಗತಿ ತೋರಿರುವುದರಿಂದ ಬದಲಾವಣೆಗೆ ಸೂಕ್ತ ಕಾರಣ ಕಂಡುಬರುವುದಿಲ್ಲ.’ ತಾವೇ ಆಯ್ಕೆ ಮಾಡಿಕೊಂಡ! ಜಾರಿ ಬಿದ್ದವಳನ್ನು ನೋಡಿ, ನೆಲವನ್ನು ತಾನೇ ಆರಿಸಿಕೊಂಡಳು ಎಂದ ಹಾಗಿದೆ. ಆಯ್ಕೆ ಎಂಬುದರ ಮೇಲೆ ನಿಮಗೆ ಇಷ್ಟೊಂದು ಗೌರವವಿದ್ದರೆ, ಈಗ ಎರಡು ವರ್ಷದಿಂದ ನಾನು ದಿನಾ ಮಾಡುತ್ತಿರುವ ಆಯ್ಕೆಗೆ ಯಾಕೆ ಬೆಲೆಯಿಲ್ಲ? ಒಂದು ಗಳಿಗೆಯಲ್ಲಿ ನಗುತ್ತಾ ಹಾಕಿದ ಗುರುತು ದೊಡ್ಡದೋ, ಹದಿನಾಲ್ಕು ವರ್ಷ ಒಂದೇ ಕೋಣೆಗೆ ಬೆಳಿಗ್ಗೆ ಎಂಟಕ್ಕೆ ನಡೆದು ಬಂದ ಕಾಲು ದೊಡ್ಡದೋ? ಹದಿನೆಂಟು ತುಂಬಿದ ಹುಡುಗ ಹುಡುಗಿಯರೂ ಇದೇ ನಮೂನೆ ತುಂಬುತ್ತಾರೆ. ಯಾವ ವಯಸ್ಸಿನವರಿಗೆ, ಯಾವ ವಿಷಯ ಕಲಿಸುತ್ತಾ ಬದುಕು ಕಳೆಯುತ್ತೀಯ ಎಂಬ ಪ್ರಶ್ನೆಗೆ ನೀವು ಅವರಿಗೂ ಕಿರುಬೆರಳ ಉಗುರಿನಷ್ಟು ಚೌಕ ಕೊಟ್ಟಿದ್ದೀರಿ. ತಿದ್ದಬಾರದು ಎಂದೂ ಹೆದರಿಸಿದ್ದೀರಿ. ತಿದ್ದುವುದನ್ನು ಕಲಿಸಬೇಕಾದವರನ್ನು ತಯಾರು ಮಾಡುವ ಕಚೇರಿಗೆ ತಿದ್ದುವುದೆಂದರೆ ಇಷ್ಟು ಭಯವೇ?

ನಮ್ಮನೆಯವರು ನನ್ನ ವಯಸ್ಸಿನ ಬಗ್ಗೆ ತಮಾಷೆ ಮಾಡುವುದನ್ನೇ ಬಿಟ್ಟಿದ್ದಾರೆ. ನಿಮ್ಮ ಉತ್ತರ ಬಂದ ದಿನ ನಮೂನೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಅಳತೆಪಟ್ಟಿ ಇಟ್ಟು, ‘ವಯೋಗುಂಪು’ ಎಂಬ ಪದದ ಹಿಂದಿನ ಖಾಲಿ ಜಾಗ ಅಳೆದರು. “ಕಲಿಯುವ ಮಕ್ಕಳ, ಅಂತ ಸೇರಿಸೋಕೆ ಧಾರಾಳವಾಗಿ ಜಾಗ ಇತ್ತು ಕಣೇ. ಬೋರ್ಡಲ್ಲಿ ಇಂಥ ತಪ್ಪು ಮಾಡಿದ್ರೆ ಗಿರಾಕಿ ಏಣಿ ಎಳೀತಿದ್ದ” ಎಂದರು. ಅಳತೆಪಟ್ಟಿ ಎತ್ತಿಟ್ಟು, “ನಾನು ಬಾಯಿ ಮುಚ್ಕೊಂಡಿರಬೇಕಿತ್ತು” ಎಂದರು. ನನ್ನ ಗಂಡನನ್ನು ಅಪರಾಧಿಯ ಹಾಗೆ ಕೂರಿಸಿದ್ದಕ್ಕೆ ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ನನ್ನ ಬೇಡಿಕೆ. ಒಂದು, ಒಂಬತ್ತನೆಯ ಸಾಲಿಗೆ ‘ಕಲಿಯುವವರ’ ಎಂಬ ಒಂದು ಪದ ಸೇರಿಸಿ. ಎರಡು, ನನ್ನ ಗುರುತನ್ನು ಕೊನೆಯ ಚೌಕದಿಂದ ಮೊದಲ ಚೌಕಕ್ಕೆ ಸರಿಸಿ, ಅರ್ಥಶಾಸ್ತ್ರವನ್ನು ಅದರ ಪಾಡಿಗೆ ಬಿಡಿ. ಎರಡು ವರ್ಷ ಹಿಂದಕ್ಕೆ ಹೋಗಿ ಮೊದಲಿಂದ ಓದಲು ನಾನು ತಯಾರಿದ್ದೇನೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಬಹುದೆಂದು ನೀವು ಹೇಳಿದರೆ, ದೊಡ್ಡ ಮನಸ್ಸಿನವರು ಮೊದಲನೆಯದನ್ನು ಕೇಳಿಯಾರು. ನಾನು ಅಷ್ಟು ದೊಡ್ಡವಳಲ್ಲ. ನನಗೆ ಎರಡನೆಯದು ಬೇಕು.

ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ ಒಂದು ಹೆಣ್ಣು ಮಗುವಿದೆ, ಎಲ್ಲರೂ ಗುಬ್ಬಿ ಎನ್ನುತ್ತೇವೆ. ಬಂದ ಹೊಸದರಲ್ಲಿ ಮೂರು ತಿಂಗಳು ಅದು ಯಾರ ಹತ್ತಿರವೂ ಒಂದು ಮಾತೂ ಆಡಲಿಲ್ಲ. ದಿನವೂ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದೆ, ನಾನೂ ಮಾತಾಡುತ್ತಿರಲಿಲ್ಲ. ಒಂದು ದಿನ ಅದು ನಾಲ್ಕು ಬೆರಳು ಎತ್ತಿ, “ನಾನು ಇಷ್ಟು. ನೀನು?” ಎಂದಿತು. ಎರಡೂ ಕೈ ಬಿಚ್ಚಿ ಮೂರು ಸಲ ತೋರಿಸಿ, ಇನ್ನೂ ಒಂಬತ್ತು ಬೆರಳು ಎತ್ತಿದೆ. ಅದು ನನ್ನ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸುಳ್ಳು. ಅಷ್ಟೊಂದು ಬೆರಳು ನಿನ್ನ ಹತ್ರ ಇಲ್ವೇ ಇಲ್ಲ” ಎಂದಿತು. ವಯೋಗುಂಪು ಎಂದರೇನೆಂದು ನನಗೆ ಸರಿಯಾಗಿ ಅರ್ಥವಾಗಿದ್ದು ಆವತ್ತು. ನಿಮಗೆ ಅದನ್ನು ಹೇಗೆ ಬರೆದು ತಿಳಿಸುವುದೋ ಗೊತ್ತಿಲ್ಲ.

ಮೊನ್ನೆ ದೊಡ್ಡ ಟೀಚರ್ ನನ್ನ ಕಪಾಟಿನ ಬೀಗದ ಕೈಯನ್ನು ಮುಂದಿನ ತಿಂಗಳ ಕೊನೆಗೆ ಕೊಡಬೇಕೆಂದು ತಲೆ ತಗ್ಗಿಸಿಕೊಂಡೇ ಹೇಳಿದರು. ಗುಬ್ಬಿ ಅಲ್ಲೇ ಇತ್ತು. ಮನೆಗೆ ಹೊರಡುವಾಗ ಬಾಗಿಲಲ್ಲಿ ನನ್ನ ಬೆರಳು ಹಿಡಿದು, “ದೊಡ್ಡ ರಜೆ ಮುಗಿದ ಮೇಲೂ ನೀನು ಬರ್ತೀಯಲ್ಲಾ?” ಎಂದು ಕೇಳಿತು. ದೊಡ್ಡ ರಜೆ ಮುಗಿಯುವುದು ಆ ತಿಂಗಳ ಕೊನೆ ಕಳೆದ ಮೇಲೆ.

ಬರ್ತೀನಿ ಎಂದೆ. ಮಕ್ಕಳಿಗೆ ನಾನು ಸುಳ್ಳು ಹೇಳಿದವಳಲ್ಲ. ಆ ಮಾತು ಸುಳ್ಳೋ ನಿಜವೋ ಎಂಬುದು ಈಗ ನಿಮ್ಮ ಕೈಯಲ್ಲಿದೆ.

ಇಂತಿ,
ಪಾಸಾಗಿ ಸಿಕ್ಕಿಬಿದ್ದ ಆಯಮ್ಮ
ವಯೋಗುಂಪು (ನನ್ನದು): ವಯಸ್ಕರು
ವಿಷಯ: ಮೇಲೆ ಹೇಳಿದ್ದೇ