ರಸಬಾಳೆ ಬರೆದ ಮೊದಲ ಕಥೆ

ನಂಜನಗೂಡು
೧೭ ಆಗಸ್ಟ್ ೨೦೦೮, ಭಾನುವಾರ

ಗೌರಿಗೆ,

ಮೊದಲು 'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದ್ದೇನೆ. ಗುರುತು ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಂಡರೆ ಬರೆಯುವ ಧೈರ್ಯವೇ ಹೋದೀತು ಅಂತ ಇದರಲ್ಲೇ ಮುಂದುವರಿಸುತ್ತಿದ್ದೇನೆ.

ನೀನು ಟಿ. ನರಸೀಪುರಕ್ಕೆ, ನಿಮ್ಮಣ್ಣನ ಮನೆಗೆ ಹೋಗಿ ಐದು ತಿಂಗಳಾಯಿತು. ನಿನ್ನ ವಕೀಲರು ಕಳಿಸಿದ ವಿಚ್ಛೇದನದ ಅರ್ಜಿ ಮೂರು ತಿಂಗಳಿಂದ ಟಿ.ವಿ. ಮೇಲೆಯೇ ಬಿದ್ದಿದೆ. 'ಇಬ್ಬರೂ ಮನಸಾರೆ ಒಪ್ಪಿ' ಅಂತ ಅದರಲ್ಲಿದೆ. ನಾನು ಯಾವಾಗ ಒಪ್ಪಿದ್ದೆ ಮಹಾರಾಯ್ತಿ? ಸತ್ತರೂ ರುಜು ಹಾಕೋದಿಲ್ಲ, ನಾನೇನು ತಪ್ಪು ಮಾಡಿದ್ದೀನಿ ಹೇಳಲಿ ಅವಳು ಅಂತ ನಿಮ್ಮಣ್ಣನ ಮೇಲೆ ಫೋನಿನಲ್ಲಿ ಕೂಗಾಡಿದೆನಲ್ಲ, ಅದು ಪಕ್ಕದಲ್ಲಿದ್ದ ನಿನಗೂ ಕೇಳಿಸಿರುತ್ತದೆ.

ಹೋದ ವಾರ ಫ್ಯಾಕ್ಟರಿಯಿಂದ ಬರುವಾಗ ಸೈಬರ್ ಸೆಂಟರಿನ ಚಿಕ್ಕಸ್ವಾಮಿ ಅಡ್ಡ ಹಾಕಿದ. "ಅಕ್ಕ ಕಥೆ ಬರಿಯದು ನಿಲ್ಸ್‌ಬುಟ್ರಾ ಸಾ?" ಅಂದ. ಯಾವ ಕಥೆಯಯ್ಯ ಅಂದೆ. "ಅದೇ ಸಾ, ಸಾಯಂಕಾಲದ ಸೀರಿಯಲ್‌ದು. ಟೀವಿಯೋರು ಒಂದು ತೋರ್ಸುದ್ರೆ ಅಕ್ಕ ಇನ್ನೊಂದ ಬರಿಯೋರು. ಆ ಸೀರಿಯಲ್ ಇಷ್ಟಪಡೋರ್ದೇ ಒಂದು ಮೆಸೇಜ್ ಬೋರ್ಡ್ ಅದೆ, ಎಲ್ಲಾ ಅಲ್ಲೇ ಅವೆ. ದುಬೈನೋರೂ ಓದ್ತರೆ ಕಣ್ ಸಾ!" ಅಂದ. ಅಲ್ಲಿ ನಿನ್ನ ಹೆಸರು ರಸಬಾಳೆಯಂತೆ. ನೀನು ಗುರುವಾರ ಗುರುವಾರ ಹೊಲಿಗೆ ಕ್ಲಾಸಿಗೆ ಹೋಗುತ್ತೀಯ ಅಂತ ನಾನು ನಂಬಿಕೊಂಡಿದ್ದೆ. ಎಷ್ಟು ವರ್ಷವಾದರೂ ಒಂದು ರವಿಕೆಯೂ ಹೊಲಿಯಲಿಲ್ಲವಲ್ಲ ಅಂತ ಅನುಮಾನ ಬರಬೇಕಿತ್ತು.

ನಿಜ ಹೇಳುತ್ತೇನೆ, ಸಿಕ್ಕಿಬಿದ್ದಳು ಅಂದುಕೊಂಡೆ. ಎಲ್ಲವನ್ನೂ ಪ್ರಿಂಟ್ ತೆಗೆಸಿ, ಗಂಡನಿಗೆ ಸುಳ್ಳು ಹೇಳಿ ಇಂಥದ್ದು ಬರೆಯುತ್ತಿದ್ದಳು ಸ್ವಾಮಿ ಅಂತ ಜಡ್ಜ್ ಮುಂದೆ ಇಡಬೇಕು ಅಂತಲೇ ನೀನು ಕೂರುತ್ತಿದ್ದ ಮೂರನೇ ಕಂಪ್ಯೂಟರಿನ ಮುಂದೆ ಕೂತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಬಾಯಿಬಿಟ್ಟು ಓದಬೇಕಾಯಿತು. ಪಕ್ಕದವರು ನಕ್ಕರು. ನಗಲಿ ಬಿಡು.

ಆ ಬೋರ್ಡಿನಲ್ಲಿ ಹೊಸ ಕಥೆ ಮೇಲಿರುತ್ತದೆ, ಹಳೆಯವು ಹಿಂದಿನ ಪುಟಗಳಲ್ಲಿ ಇರುತ್ತವೆ. ಹಾಗಾಗಿ ನಾನು ತುದಿಯಿಂದ ಬುಡಕ್ಕೆ ಓದಿದೆ. ಮೇಲಿನ ಕಥೆಯಲ್ಲಿ ಆ ಸೀರಿಯಲ್‌ನ ನಾಯಕಿ ಕುಮುದಿನಿಯ ಗಂಡ ಶಶಾಂಕನನ್ನು ಲಾರಿಗೆ ಸಿಕ್ಕಿಸಿ ಸಾಯಿಸಿದ್ದೀಯ. ಸೀರಿಯಲ್‌ನಲ್ಲಿ ಅವನು ಗುಂಡುಕಲ್ಲಿನ ಹಾಗಿದ್ದಾನೆ! ಕೆಳಗೆ ಹದಿನಾಲ್ಕು ಜನ 'ಒಳ್ಳೆಯದಾಯಿತು' ಅಂತ ಬರೆದಿದ್ದಾರೆ. ಒಬ್ಬರಿಗಾದರೂ ಅಯ್ಯೋ ಅನ್ನಿಸಬಾರದೇ?

ಅದರ ಹಿಂದಿನ ವರ್ಷದ್ದರಲ್ಲಿ, ಉಪ್ಪು ಹೆಚ್ಚಾಯಿತು ಅಂತ ಶಶಾಂಕ ತಟ್ಟೆ ಎಸೆಯುತ್ತಾನೆ. ಗೋಡೆಯ ಮೇಲೆ ಹುರುಳಿ ಸಾರಿನ ಕಲೆ. ಬಂಗಲೆಯಲ್ಲಿರುವ ಶಶಾಂಕನ ಮನೆಯಲ್ಲಿ ಎಲ್ಲಿಯ ಹುರುಳಿ ಸಾರು ಗೌರಿ? ಆ ಕಲೆ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ. ನಿನ್ನೆ ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ.

ಪ್ರಿಂಟ್ ತೆಗೆಸುವುದನ್ನು ಅಲ್ಲಿಗೇ ಬಿಟ್ಟೆ. ಆದರೆ ಓದುವುದನ್ನು ಬಿಡಲಾಗಲಿಲ್ಲ. ದಿನಾ ಶಿಫ್ಟ್ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೆ. ಯಾಕೆಂದರೆ ಹಿಂದಕ್ಕೆ ಹೋದಷ್ಟೂ ಅವನು ಒಳ್ಳೆಯವನಾಗುತ್ತಿದ್ದ. ಎಸೆಯುತ್ತಿದ್ದವನು ಬರೀ ಗೊಣಗತೊಡಗಿದ. ಇನ್ನೂ ಹಿಂದೆ ಹೋದರೆ ನಗುತ್ತಿದ್ದ. ಹೆಂಡತಿಯನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಬಾಳೆಹಣ್ಣು ಸುಲಿದು ಕೊಡುತ್ತಿದ್ದ. ಅದು ಕಪಿಲೆಯ ಮೆಟ್ಟಿಲ ಮೇಲೆ ನಾವು ಕೂತಿದ್ದು, ನನಗೆ ಜ್ಞಾಪಕವಿದೆ. ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ. ನೀನು ಅದನ್ನು ನಾಲ್ಕು ಕಥೆಗಳಲ್ಲಿ ಬರೆದಿದ್ದೀಯ.

ಇನ್ನೂ ಹಿಂದೆ ಇನ್ನೆಷ್ಟು ಚೆನ್ನಾಗಿದ್ದೆನೋ ಅಂತ ಆಸೆಯಿಂದ ಕೊನೆಯ ಪುಟಕ್ಕೆ ಹೋದೆ. ನೀನು ಬರೆದ ಮೊದಲ ಕಥೆ, ೨೦೦೩ರ ಸೆಪ್ಟೆಂಬರಿನದು. ಕುಮುದಿನಿ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. ಆರು ತಿಂಗಳ ಮಗು ಹೊಟ್ಟೆಯಲ್ಲೇ ಹೋಗಿದೆ. ಶಶಾಂಕ ಕೆಂಪು ಫ್ಲಾಸ್ಕಿನಲ್ಲಿ ಗಂಜಿ ತರುತ್ತಾನೆ. ಸೀಳು ಬಿಟ್ಟ ಮುಚ್ಚಳಕ್ಕೆ ಬಗ್ಗಿಸಿ, ಆರಿಸಿ ಕುಡಿಸುತ್ತಾನೆ. 'ನನ್ನ ತಪ್ಪು ಕಣೇ' ಅನ್ನುತ್ತಾನೆ. ಅಷ್ಟೇ ಕಥೆ. ಅದರ ಕೆಳಗೆ ಯಾರೂ ಒಂದಕ್ಷರ ಬರೆದಿಲ್ಲ.

ನಾನು ಆಸ್ಪತ್ರೆಗೆ ಬರಲಿಲ್ಲ. ರಜೆ ಸಿಗಲಿಲ್ಲ ಅಂದಿದ್ದೆ. ಎರಡು ದಿನ ಹೊಟ್ಟೆ ಹಿಡಿದುಕೊಂಡು ನೋವು ನೋವು ಅಂದವಳಿಗೆ 'ಶಿಫ್ಟ್ ಬಿಟ್ಟು ಬರಕ್ಕಾಗಲ್ಲ, ಸೋಮವಾರ ತೋರ್ಸನ ಸುಮ್ನಿರು' ಅಂದವನೂ ನಾನೇ. ಸೋಮವಾರದೊಳಗೆ ಎಲ್ಲ ಮುಗಿದಿತ್ತು. ಮನೆಗೆ ಬಂದ ಮೇಲೆ ನೀನು ಆಡಿದ ಮೊದಲ ಮಾತೇ, 'ರೀ, ಅಮ್ಮ ಕೊಟ್ಟಿದ್ದ ಕೆಂಪು ಫ್ಲಾಸ್ಕ್ ಎಲ್ಲಿ?' ಫ್ಯಾಕ್ಟರಿಯಲ್ಲಿ ಕಳೆದುಹೋಯಿತು ಅಂದೆ. ಮಗು ಹೋಗಿರುವಾಗ ನಿಂದೊಂದು ಫ್ಲಾಸ್ಕ್ ಚಿಂತೆಯಾ ಅಂತ ರೇಗಿದೆ. ಆಮೇಲೂ ಎರಡು ಸಲ ಕೇಳಿದ್ದೆ ನೀನು. ನಾನು ಅದನ್ನೇ ಹೇಳಿದೆ. ಮತ್ತೆ ನೀನು ಕೇಳಲಿಲ್ಲ.

ಹಳೆಯ ಕಥೆಗೆ ಯಾರಾದರೂ ಉತ್ತರ ಬರೆದರೆ ಅದು ಮೊದಲ ಪುಟಕ್ಕೆ, ಎಲ್ಲಕ್ಕಿಂತ ಮೇಲಕ್ಕೆ ಬರುತ್ತದಂತೆ. ಚಿಕ್ಕಸ್ವಾಮಿ ಹೇಳಿಕೊಟ್ಟ. ಬಹಳ ಹೊತ್ತು ಯೋಚಿಸಿ 'ಓದಿದೆ' ಅಂತ ಒಂದೇ ಮಾತು ಬರೆದೆ. ಈಗ ಲಾರಿಯ ಕಥೆ ಕೆಳಗೆ ಹೋಗಿ ಅದು ಮೇಲೆ ಬಂದಿದೆ. ನನಗೆ ಮಾಡಲು ಉಳಿದಿದ್ದು ಅಷ್ಟೇ.

ಅರ್ಜಿಗೆ ಮೂರು ಕಡೆಯೂ ರುಜು ಹಾಕಿ ಇದರ ಜೊತೆ ಇಟ್ಟಿದ್ದೇನೆ. ನೀನು ವಾಪಸು ಬಾ ಅನ್ನಲು ನನಗೆ ಮುಖವಿಲ್ಲ. ಕಥೆ ಮಾತ್ರ ನಿಲ್ಲಿಸಬೇಡ. ನರಸೀಪುರದಲ್ಲೂ ಸೈಬರ್ ಸೆಂಟರ್ ಇದೆಯಂತೆ. ಶಶಾಂಕನನ್ನೇನೂ ಬದುಕಿಸಬೇಕಾಗಿಲ್ಲ.

ಇಂತಿ,
ಸಿದ್ದರಾಜು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅವತ್ತು ರಜೆ ಸಿಕ್ಕಿತ್ತು ಗೌರಿ. ನಾನೇ ಗಂಜಿ ಕಾಯಿಸಿ, ಫ್ಲಾಸ್ಕಿಗೆ ತುಂಬಿಕೊಂಡು ವಾರ್ಡಿನ ಬಾಗಿಲವರೆಗೂ ಬಂದಿದ್ದೆ. ಒಳಗೆ ನೀನು ನಿಮ್ಮಮ್ಮನನ್ನು 'ಅವರು ಬಂದ್ರಾ?' ಅಂತ ಕೇಳಿದ್ದು ಕೇಳಿಸಿತು. ನಿನ್ನ ಮುಖ ನೋಡಲಾರದೆ, ಫ್ಲಾಸ್ಕನ್ನು ಹೊರಗಿನ ಬೆಂಚಿನ ಮೇಲಿಟ್ಟು ಓಡಿಬಂದು ಬಸ್ಸು ಹತ್ತಿದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆದರೆ ನಿನ್ನ ಕಥೆಯಲ್ಲಿ ಅದೇ ಫ್ಲಾಸ್ಕಿದೆ, ಅವತ್ತು ಆಸ್ಪತ್ರೆಗೆ ಬರುವಾಗ ಬಿದ್ದು ಸೀಳು ಬಿಟ್ಟ ಅದೇ ಮುಚ್ಚಳವಿದೆ. ಅಂದರೆ ಬೆಂಚಿನ ಮೇಲೆ ಅದನ್ನು ನೀನು ನೋಡಿದ್ದೆ. ನಾನಾಗಿ ಹೇಳಲಿ ಅಂತ ನೀನು ಮೂರು ಸಲ ಕೇಳಿದ್ದೆ. ನನ್ನ ತಪ್ಪು ಕಣೇ.